ಅರ್ಧ ಗಂಟೆಯ ಮಡಿ

2025ರ ಜುಲೈನಿಂದ ತತ್ಕಾಲ್ ಟಿಕೆಟ್‌ಗೆ ಆಧಾರ್ ದೃಢೀಕರಣ ಕಡ್ಡಾಯವಾಗಿರುವುದಲ್ಲದೆ, ಎಸಿ ದರ್ಜೆಗೆ ಬೆಳಿಗ್ಗೆ 10ರಿಂದ 10.30, ಉಳಿದವಕ್ಕೆ 11ರಿಂದ 11.30ರವರೆಗೆ ಅಧಿಕೃತ ಏಜೆಂಟರು ಬುಕಿಂಗ್‌ಗೆ ಕೈ ಹಚ್ಚುವಂತಿಲ್ಲ. ಶರಣರು ಮಡಿಮೈಲಿಗೆಯನ್ನು ಒದ್ದೋಡಿಸಿದ ಈ ಸೀಮೆಗೆ ಅದನ್ನು ಮರಳಿ ತಂದ ಪುಣ್ಯ ರೈಲ್ವೆಯದು. 10.31ಕ್ಕೆ ಏಜೆಂಟ್ ಶುದ್ಧನಾಗುತ್ತಾನೆ. ಸೀಟುಗಳು ಅಷ್ಟರೊಳಗೆ ಲಿಂಗೈಕ್ಯವಾಗಿರುತ್ತವೆ.

ಕಲಬುರಗಿಯ ಸ್ಟೇಷನ್ ರಸ್ತೆಯಲ್ಲಿ ಅಂಥ ಒಬ್ಬ ಏಜೆಂಟನ ಅಂಗಡಿಯಿದೆ. ಟಿಕೆಟ್ ಮೇಲೆ ನೂರು ರೂಪಾಯಿ ಕೀಳುತ್ತಾನೆಂದು ನಾನು ಅವನನ್ನು ಬೈದದ್ದುಂಟು. ಆದರೆ ಉದ್ಯಾನ್ ಎಕ್ಸ್‌ಪ್ರೆಸ್‌ನಲ್ಲಿ ಕಲಬುರಗಿಯಿಂದ ಬೆಂಗಳೂರಿಗೆ ಸೀಟು ಸಿಗದಿದ್ದರೆ ಸೊಲ್ಲಾಪುರದಿಂದ ಟಿಕೆಟ್ ತೆಗೆದು, ಹತ್ತುವ ನಿಲ್ದಾಣವೆಂದು ಕಲಬುರಗಿಯನ್ನು ನಮೂದಿಸುವ ವಿದ್ಯೆ ಅವನ ತಲೆಯಲ್ಲಿತ್ತು. ಸೀಟು ಸಿಗದಿದ್ದರೆ ಬೈಯಲು ಎದುರಿಗೊಂದು ಮುಖವಿತ್ತು, ಬೈದ ಮೇಲೆ ಚಹಾ ಬರುತ್ತಿತ್ತು.

ಈಗ ನಾನೇ ಏಜೆಂಟ್. ಮೊಬೈಲ್ ನನ್ನದು, ಡೇಟಾ ನನ್ನದು, ಕಣ್ಣು ಕಿರಿದು ಮಾಡಿ ಒತ್ತಿದ ಬೆರಳು ನನ್ನದು. ಇಷ್ಟಾದ ಮೇಲೆ ಸ್ಲೀಪರ್‌ಗೆ 15, ಎಸಿಗೆ 30 ರೂಪಾಯಿ, ಜೊತೆಗೆ ಜಿಎಸ್‌ಟಿ, ಯುಪಿಐ ಆದರೆ ಸ್ವಲ್ಪ ಕಡಿಮೆ, ‘ಅನುಕೂಲ ಶುಲ್ಕ’. ಯಾರ ಅನುಕೂಲವೆಂದು ರಸೀದಿಯಲ್ಲಿ ಬರೆದಿರುವುದಿಲ್ಲ. ಟಿಕೆಟ್ ರದ್ದಾದರೂ ಅದು ಮರಳುವುದಿಲ್ಲ, ದಲಾಲಿ ಎಂದಾದರೂ ಮರಳಿದೆಯೇ? ಅದಕ್ಕೂ ಮೊದಲು, ಮಿರ್ಚಿಯ ಹಾಗೆ ಡೊಂಕಾದ ಅಕ್ಷರಗಳನ್ನು ಓದಿ ನಾನು ಯಂತ್ರವಲ್ಲವೆಂದು ಯಂತ್ರಕ್ಕೆ ರುಜುವಾತು ಒದಗಿಸಬೇಕು. ಬುಕಿಂಗ್ ತೆರೆದ ಮೊದಲ 5 ನಿಮಿಷಗಳ ಲಾಗಿನ್ ಯತ್ನಗಳಲ್ಲಿ ಅರ್ಧದವರೆಗೂ ಬಾಟ್‌ಗಳದ್ದೇ ಎಂದು ರೈಲ್ವೆಯೇ ಒಪ್ಪಿ, ಎರಡೂವರೆ ಕೋಟಿ ಐಡಿಗಳನ್ನು ಮುಚ್ಚಿತು. ಅಂದರೆ ಇಷ್ಟು ವರ್ಷ ಆ ಪರೀಕ್ಷೆಯಲ್ಲಿ ಯಂತ್ರಗಳು ಪಾಸಾಗುತ್ತಿದ್ದವು, ನಾನು ನಪಾಸಾಗುತ್ತಿದ್ದೆ.

ಖಾಸಗಿ ಬಸ್ಸಿನ ಆ್ಯಪ್‌ಗಳು ಇನ್ನೂ ಚುರುಕು. ದೀಪಾವಳಿಗೆ ಬೆಂಗಳೂರಿನಿಂದ ಬರಬೇಕಿದ್ದ ಮಗನಿಗೆಂದು ಒಂದರಲ್ಲಿ ಹುಡುಕುವಾಗ 1,200 ಇದ್ದ ದರ, ಚಹಾ ಕುದಿಯುವಷ್ಟರಲ್ಲಿ 2,300 ಆಯಿತು. ಕೆಳಗೆ ಕೆಂಪಕ್ಷರದಲ್ಲಿ, ‘ಈ ಸೀಟನ್ನು 7 ಜನ ನೋಡುತ್ತಿದ್ದಾರೆ’. ನಮ್ಮ ಪ್ಲಾಟು ದಲಾಲರು ‘ಸಂಜಿಗಿ ಇನ್ನೊಬ್ಬ ಗಿರಾಕಿ ಬರ್ಲಿಕತ್ಯಾನ್ರೀ’ ಎಂದು ಹೇಳುತ್ತಿದ್ದುದು ಇದೇ ಮಾತು.

ಮೊನ್ನೆ ಅದೇ ಅಂಗಡಿಗೆ ಜೇವರ್ಗಿ ಕಡೆಯ ಒಬ್ಬ ಮುದುಕಿ ಬಂದಿದ್ದಳು. ಪುಣೆಯಲ್ಲಿ ಗಾರೆ ಕೆಲಸಕ್ಕಿರುವ ಮಗನ ಹತ್ತಿರ ಹೋಗಬೇಕಿತ್ತು; ತನ್ನದೆಂಬ ಮೊಬೈಲಿಲ್ಲದ ಕಾರಣ ಅವನ ನಂಬರನ್ನೇ ಚೀಟಿಯಲ್ಲಿ ಬರೆಸಿ ತಂದಿದ್ದಳು. ‘ಯವ್ವಾ, ಓಟಿಪಿ ನಿನ್ನ ಮಗನಿಗಿ ಹೋಗ್ಯಾದ, ಅವ ಫೋನ್ ಎತ್ತವಲ್ಲ, ನಾ ಏನ್ ಮಾಡ್ಲಿ?’ ಎಂದ ಏಜೆಂಟ್. ಗುಳೆ ಹೋಗುವವರಿಂದಲೇ ತುಂಬಿಕೊಳ್ಳುವ ರೈಲುಗಳಲ್ಲಿ ಅವರಿಗೊಂದು ಸೀಟು ಕೊಡಲು ಆಗದವರು, ಓಟಿಪಿ ಕೊಟ್ಟು ದಲಾಲಿ ನಿರ್ಮೂಲನೆ ಮಾಡುತ್ತಾರಂತೆ. ನಾಚಿಕೆಯಾಗಬೇಕು.

ಮುದುಕಿ ಜನರಲ್ ಡಬ್ಬಿಯ ಟಿಕೆಟ್ ಎಲ್ಲಿ ಕೊಡುತ್ತಾರೆಂದು ಕೇಳಿಕೊಂಡು, ರೊಟ್ಟಿಗಂಟು ಎತ್ತಿಕೊಂಡು ಹೋದಳು. ಮಗನ ಫೋನು ಆಮೇಲೆ ಬಂತು.