ಮಡಿಕೇರಿಯ ಕಡಲ್ಗಳ್ಳ

ಆಷಾಢದ ಮಳೆ ಹಿಡಿಯಿತೆಂದರೆ ಮಡಿಕೇರಿಯಲ್ಲಿ ಒಗೆದ ಬಟ್ಟೆ ಒಣಗುವುದಿಲ್ಲ, ರಜೆ ಸಿಕ್ಕ ಮಕ್ಕಳು ಸುಮ್ಮನಿರುವುದಿಲ್ಲ. ಅಂಥದೊಂದು ಮಧ್ಯಾಹ್ನ ಪತ್ರಿಕೆಯನ್ನು ಮುಖದ ಮೇಲೆ ಹರಡಿಕೊಂಡು ಮಲಗಿದ್ದ ನನ್ನ ಕಿವಿಯ ಬಳಿ ಯಾರೋ ‘ರ್ರ್ರ್’ ಎಂದು ಗುರುಗುಟ್ಟಿದರು. ಬೆಚ್ಚಿ ಎದ್ದು ನೋಡಿದರೆ ನಾಲ್ಕೂವರೆ ವರ್ಷದ ಮೊಮ್ಮಗಳು, ಒಂದು ಕಣ್ಣಿಗೆ ಅಂಗೈ ಮುಚ್ಚಿ ನಿಂತಿದ್ದಳು.

‘ಅಜ್ಜ, ನಾನು ಆರ್. ಚಿನ್ನ ಎಲ್ಲಿಟ್ಟಿದ್ದೀಯ, ಕೊಡು!’

ಇಂಗ್ಲಿಷ್ ಅಕ್ಷರಗಳ ಸದ್ದು ಕಲಿಸುವ ಆಲ್ಫಾಬ್ಲಾಕ್ಸ್ ಎಂಬ ಬಿಬಿಸಿಯ ಕಾರ್ಟೂನಿನಲ್ಲಿ ಆರ್ ಅಕ್ಷರವು ಕಡಲ್ಗಳ್ಳನಂತೆ. 2010ರಲ್ಲಿ ಆಂಗ್ಲರ ಮಕ್ಕಳಿಗೆಂದು ಹುಟ್ಟಿದ ಈ ಕಳ್ಳ, ಸಮುದ್ರವೇ ಇಲ್ಲದ ನಮ್ಮ ಜಿಲ್ಲೆಗೆ ಮೊಬೈಲಿನಲ್ಲಿ ಬಂದಿಳಿದಿದ್ದಾನೆ. ‘ರ’ವನ್ನು ‘ರ’ ಎಂದೇ ಕರೆಯುವ ನಮಗೆ ಅದರ ಸದ್ದು ಕಲಿಸಲು ಗುರುಗುಟ್ಟುವವನೊಬ್ಬ ಬೇಕಾಗಿರಲಿಲ್ಲ. ಕಡಲ್ಗಳ್ಳರೆಲ್ಲ ಹೀಗೆ ರಕಾರ ಎಳೆಯುತ್ತಾರೆಂಬ ನಂಬಿಕೆ ಬಲಿತದ್ದೂ 1950ರ ಒಂದು ಚಲನಚಿತ್ರದಲ್ಲಿ ರಾಬರ್ಟ್ ನ್ಯೂಟನ್ ಎಂಬ ನಟ ಇಂಗ್ಲೆಂಡಿನ ನೈಋತ್ಯ ಭಾಗದ ಹಳ್ಳಿಯ ಧಾಟಿಯಲ್ಲಿ ಮಾತಾಡಿದ ಮೇಲೆಯೇ. ಲಂಡನ್ನಿನ ಶಿಷ್ಟರು ‘ಕಾರ್’ ಎಂಬಲ್ಲಿನ ರಕಾರವನ್ನು ನುಂಗಿ ‘ಕಾ’ ಎನ್ನುತ್ತಾರೆ. ತಾವು ಉಚ್ಚರಿಸದ ಅಕ್ಷರವನ್ನು ಕಳ್ಳನ ಬಾಯಿಗೆ ಹಾಕಿದ್ದಾರೆ.

ಆದರೂ ಆ ಅಕ್ಷರಕ್ಕೆ ಕಳ್ಳನ ವೇಷ ತೊಡಿಸಿದವರ ಬಗ್ಗೆ ನನಗೆ ಗೌರವ ಮೂಡಿದ್ದು ಅಂದು ರಾತ್ರಿ, ನಿದ್ದೆ ಬಾರದೆ ಹೊರಳಾಡುತ್ತಿದ್ದಾಗ. 1834ರಲ್ಲಿ ಈಸ್ಟ್ ಇಂಡಿಯಾ ಕಂಪನಿಯವರು ಚಿಕವೀರರಾಜನನ್ನು ಇಳಿಸಿ ಕೊಡಗನ್ನು ವಶಪಡಿಸಿಕೊಂಡದ್ದಕ್ಕೂ, ಕೈಗೆ ಸಿಕ್ಕಿದ ಸಂಪತ್ತನ್ನು ಸೈನ್ಯಕ್ಕೆ ಹಂಚಿದ್ದಕ್ಕೂ ಲೆಕ್ಕವಿದೆ. ಆರ್ ಕದ್ದ ನಮ್ಮ ಡಕಾರಗಳ ಲೆಕ್ಕ ಬರೆದಿಟ್ಟವರು ಯಾರು? ಕೊಡಗಿನ ‘ಡ’ವನ್ನು ಎತ್ತಿ ಅಲ್ಲಿ ತಾನು ಕುಳಿತು ‘ಕೂರ್ಗ್’ ಮಾಡಿತು. ಮಡಿಕೇರಿಯ ‘ಡಿ’ಯನ್ನು ಎತ್ತಿ ‘ಮರ್ಕರಾ’ ಮಾಡಿತು. ಸ್ವರಗಳ ನಡುವೆ ಬರುವ ಡಕಾರದಲ್ಲಿ ನಮ್ಮ ನಾಲಿಗೆಯ ತುದಿ ಮಡಚಿ, ತಟ್ಟಿ ಹಾರುವುದರಿಂದ ಆ ಕಿವಿಗಳಿಗೆ ಅದು ರಕಾರದಂತೆ ಕೇಳಿಸಿರಬೇಕು ಎಂದು ತಿಳಿದವರು ಸಮಾಧಾನ ಹೇಳುತ್ತಾರೆ. ಕಳುವಾದ ಮನೆಯವನಿಗೆ ಕಳ್ಳನ ಕಿವಿಯ ತೊಂದರೆಯನ್ನು ವಿವರಿಸಿದಂತಾಯಿತು.

ಮರ್ಕರಾವನ್ನೇನೋ ನಾವು ಬಿಡಿಸಿಕೊಂಡೆವು, ಕೂರ್ಗನ್ನು ಬಿಡಿಸಿಕೊಳ್ಳಲಿಲ್ಲ. ಈಗ ಅದನ್ನು ಹೋಂಸ್ಟೇಯ ಗೇಟಿಗೂ ಕಾಫಿಪುಡಿಯ ಪೊಟ್ಟಣಕ್ಕೂ ಅಂಟಿಸಿಕೊಂಡು ಮೆರೆಯುತ್ತಿರುವವರು ನಾವೇ. ಕಳೆದ ವರ್ಷ ಪೇಟೆಯ ಅಂಗಡಿಯೊಂದರಲ್ಲಿ ಕೊಡಗಿನ ಜೇನು ಕೇಳಿದೆ. ಹುಡುಗ ಹಿಂದಿನ ಕಪಾಟಿನತ್ತ ಒಮ್ಮೆ ತಿರುಗಿ ನೋಡಿ, ‘ಅದು ಬರ್ತಾ ಇಲ್ಲ ಸರ್, ಕೂರ್ಗ್ ಹನಿ ಇದೆ, ಕೊಡ್ಲಾ?’ ಎಂದ. ಜೇನು ಕೊಳ್ಳದೆ ಮಳೆಯಲ್ಲೇ ಮನೆಗೆ ಬಂದೆ. ನೆಗಡಿ ಎಂಟು ದಿನ ಬಿಡಲಿಲ್ಲ. ಅದಕ್ಕೆ ಬೇಕಾಗಿದ್ದದ್ದೂ ಜೇನೇ.

ಮರುದಿನ ಮೊಮ್ಮಗಳನ್ನು ಕೂರಿಸಿಕೊಂಡು ಇದನ್ನೆಲ್ಲ ಹೇಳಲು ಹೊರಟೆ. ಅವಳು ಅಂಗೈಯನ್ನು ಮತ್ತೆ ಕಣ್ಣಿಗೆ ಇಟ್ಟುಕೊಂಡು ಚಿನ್ನ ಕೇಳಿದಳು. ಬಂಗಾರದ ಬಣ್ಣದ ಕಾಗದ ಸುತ್ತಿದ ಇಲ್ಲಿಯದೇ ಚಾಕೊಲೇಟ್ ಒಂದನ್ನು ಕೊಟ್ಟೆ. ಬಿಚ್ಚಲು ಹೊರಟವಳು ತಡೆದು, ಅದರ ಮೇಲಿನ ಇಂಗ್ಲಿಷ್ ಹೆಸರಿನ ನಾಲ್ಕನೆಯ ಅಕ್ಷರದ ಮೇಲೆ ಬೆರಳಿಟ್ಟು, ಊರಿನವರನ್ನು ಕಂಡಷ್ಟು ಸಂಭ್ರಮದಿಂದ ಕೂಗಿದಳು:

‘ಅಜ್ಜ, ಇಲ್ಲೂ ಇದ್ದಾನೆ! ರ್ರ್ರ್!’