ಬೆಳ್ಳಿ ಆರಿಸಿಕೊಳ್ಳಿ, ಉಳಿದದ್ದನ್ನು ಖರ್ಚು ಮಾಡಿ

ಅಮೆರಿಕದಲ್ಲಿರುವ ನಮ್ಮ ಕನ್ನಡದ ಗೆಳೆಯರಲ್ಲಿ ಕೆಲವರಿಗೆ ಈಚೆಗೆ ನನ್ನ ಹವ್ಯಾಸ ಅಂಟಿಕೊಂಡಿದೆ. ಬ್ಯಾಂಕಿನಿಂದ ಹಾಫ್ ಡಾಲರ್ (50 ಸೆಂಟಿನ ನಾಣ್ಯ) ಸುತ್ತಿ ಕಟ್ಟಿದ ರೋಲು ತರುವುದು, ಬಿಚ್ಚುವುದು, ಬೆಳ್ಳಿ ನಾಣ್ಯ ಹುಡುಕುವುದು. ತುಂಬಾ ಸಂತೋಷ. ಆದರೆ ಅವರಿಗೆ ಒಂದು ಮಾತು ಹೇಳಲೇಬೇಕು. ಬೆಳ್ಳಿ ಆರಿಸಿಕೊಂಡು, ಉಳಿದ ರಾಶಿಯನ್ನು ಇನ್ನೊಂದು ಬ್ಯಾಂಕಿನ ಕೌಂಟರಿನಲ್ಲಿ ಸುರಿದು ಬರಬೇಡಿ. ಅದೂ ದುಡ್ಡೇ. ಖರ್ಚು ಮಾಡಿ.

ಗೊತ್ತಿಲ್ಲದವರಿಗಾಗಿ ಸ್ವಲ್ಪ ಹಿನ್ನೆಲೆ. 1964ರವರೆಗೆ ಇಲ್ಲಿನ ಡೈಮ್ (10 ಸೆಂಟು), ಕ್ವಾರ್ಟರ್ (25 ಸೆಂಟು), ಹಾಫ್ ಡಾಲರ್ ಮೂರರಲ್ಲೂ ಶೇ. 90ರಷ್ಟು ಬೆಳ್ಳಿ ಇರುತ್ತಿತ್ತು. ಬೆಳ್ಳಿಯ ಬೆಲೆ ಏರುತ್ತಿದ್ದಂತೆ ಜನ ನಾಣ್ಯಗಳನ್ನು ಎತ್ತಿಟ್ಟುಕೊಳ್ಳತೊಡಗಿದರು, ಅಂಗಡಿಗಳಲ್ಲಿ ಚಿಲ್ಲರೆಗೆ ಬರ ಬಂತು. 1965ರಲ್ಲಿ ಅಧ್ಯಕ್ಷ ಲಿಂಡನ್ ಜಾನ್ಸನ್ ಸಹಿ ಹಾಕಿದ ಕಾನೂನು ಡೈಮ್ ಮತ್ತು ಕ್ವಾರ್ಟರಿನಿಂದ ಬೆಳ್ಳಿಯನ್ನು ಪೂರ್ತಿ ತೆಗೆಯಿತು, ಹಾಫ್ ಡಾಲರಿನಲ್ಲಿ ಶೇ. 40 ಉಳಿಸಿತು. 1971ರಿಂದ ಅದೂ ಇಲ್ಲ, ಬರೀ ತಾಮ್ರ-ನಿಕಲ್.

ಹಾಫ್ ಡಾಲರಿನ ಕಥೆಯಲ್ಲಿ ಇನ್ನೊಂದು ನೋವಿನ ಎಳೆಯಿದೆ. 1963ರ ನವೆಂಬರಿನಲ್ಲಿ ಅಧ್ಯಕ್ಷ ಕೆನಡಿಯವರ ಹತ್ಯೆಯಾಯಿತು. ಮರುವರ್ಷವೇ ಅವರ ಮುಖವಿರುವ ಹಾಫ್ ಡಾಲರ್ ಬಂತು. ಜನ ಅದನ್ನು ಖರ್ಚು ಮಾಡಲಿಲ್ಲ, ನೆನಪಿಗೆಂದು ಇಟ್ಟುಕೊಂಡರು. ಹೀಗೆ ಕೈಯಿಂದ ಕೈಗೆ ಹೋಗುವುದೇ ನಿಂತಮೇಲೆ ಗಲ್ಲಾಪೆಟ್ಟಿಗೆಯಲ್ಲೂ ಅದಕ್ಕೆ ಜಾಗ ಇಲ್ಲವಾಯಿತು. ಇವತ್ತಿಗೂ ರೋಲುಗಳಲ್ಲಿ ಬೆಳ್ಳಿ ಸಿಗುತ್ತದೆಂದರೆ ಕಾರಣ ಇದೇ: ಯಾರೂ ಬಳಸದ ನಾಣ್ಯವನ್ನು ಯಾರೂ ತಿರುಗಿಸಿ ನೋಡುವುದೂ ಇಲ್ಲ.

ಹುಡುಕುವುದು ಕಷ್ಟವಲ್ಲ. ಒಂದು ರೋಲಿನಲ್ಲಿ 20 ನಾಣ್ಯ, ಅಂದರೆ 10 ಡಾಲರ್. ಬಾಕ್ಸ್ ಬೇಕೆಂದರೆ 50 ರೋಲು, 500 ಡಾಲರ್. ಸಾಲಾಗಿ ನಿಲ್ಲಿಸಿ ಅಂಚು ನೋಡಿ. ಈಗಿನ ನಾಣ್ಯದ ಅಂಚಿನಲ್ಲಿ ತಾಮ್ರದ ಗೆರೆ ಎದ್ದು ಕಾಣುತ್ತದೆ, 1964ರದ್ದು ಅಪ್ಪಟ ಬಿಳಿ. ಶೇ. 40ರದ್ದು ಕಣ್ಣು ತಪ್ಪಿಸುತ್ತದೆ, ಅದಕ್ಕೆ ಇಸವಿಯನ್ನೇ ಓದಬೇಕು. 1964ರ ಒಂದು ಹಾಫ್ ಡಾಲರಿನಲ್ಲಿ 11.25 ಗ್ರಾಂ ಬೆಳ್ಳಿ ಇದೆ. ಐವತ್ತು ಸೆಂಟಿಗೆ ಕೈಗೆ ಬಂದ ನಾಣ್ಯದೊಳಗೆ ಅದರ ಹತ್ತಾರು ಪಟ್ಟು ಬೆಲೆಯ ಲೋಹ! ಆ ಬಿಳಿ ಅಂಚು ಕಂಡ ಕ್ಷಣದ ಖುಷಿ ನನಗೆ ಇನ್ನೂ ಹಳತಾಗಿಲ್ಲ. ಊರಲ್ಲಿ ದೇವರ ಪೆಟ್ಟಿಗೆಯಲ್ಲಿಟ್ಟು ಲಕ್ಷ್ಮೀಪೂಜೆಗೆ ಹೊರತೆಗೆಯುತ್ತಿದ್ದ ರಾಣಿ ಛಾಪಿನ ರೂಪಾಯಿಯನ್ನು ಕಂಡು ಬೆಳೆದವರಿಗೆ ಇದನ್ನು ವಿವರಿಸಬೇಕಿಲ್ಲ.

ಆದರೆ ರೋಲು ತರಿಸಿಕೊಟ್ಟ ಟೆಲ್ಲರ್ (ಬ್ಯಾಂಕಿನ ಕೌಂಟರಿನಲ್ಲಿ ಕೂರುವವರು) ಬಗ್ಗೆಯೂ ಯೋಚಿಸಿ. ನಾವು ಕೇಳಿದ್ದಕ್ಕೆ ಅವರು ಆರ್ಡರ್ ಹಾಕುತ್ತಾರೆ, ಭಾರದ ಬಾಕ್ಸ್ ಎತ್ತಿ ತರುತ್ತಾರೆ. ಇನ್ನೊಂದು ಬ್ಯಾಂಕಿನಲ್ಲಿ ಸುರಿದರೆ ಎಣಿಸಿ ಕಟ್ಟುವ ಕೆಲಸ ಅಲ್ಲಿನ ಟೆಲ್ಲರಿಗೆ. ಮುಂದೆ ಅಲ್ಲಿಗೆ ಬರುವ ಹುಡುಕಾಟದವರಿಗೆ ನಾವು ಜಾಲಾಡಿದ ನಾಣ್ಯವೇ ಸಿಗುತ್ತದೆ. ಇದರಿಂದ ಯಾರಿಗೇನು ಲಾಭ?

ನಾನು ಹಾಫ್ ಡಾಲರುಗಳನ್ನು ರೈತರ ಸಂತೆಯಲ್ಲಿ, ಕಾಫಿ ಅಂಗಡಿಯ ಟಿಪ್ಸ್ ಡಬ್ಬಿಯಲ್ಲಿ ಖರ್ಚು ಮಾಡುತ್ತೇನೆ. ಬ್ಯಾಂಕಿನಲ್ಲಿ ಎರಡು ಡಾಲರ್ ನೋಟಿದ್ದರೆ ಅದನ್ನೂ ಕೇಳಿ ತರುತ್ತೇನೆ. ಆ ನೋಟು ನಿಂತುಹೋಗಿದೆ ಎಂದು ಇಲ್ಲಿಯವರೇ ಎಷ್ಟೋ ಜನ ನಂಬಿದ್ದಾರೆ. 1966ರಲ್ಲಿ ನಿಂತದ್ದು ನಿಜ. 1976ರಲ್ಲಿ ಮತ್ತೆ ಬಂತು, ಜೆಫರ್ಸನ್ ಮುಖ ಹೊತ್ತು ಇಂದಿಗೂ ಚಲಾವಣೆಯಲ್ಲಿದೆ. 1977ರಲ್ಲಿ ಕ್ಲೆಮ್ಸನ್ ವಿಶ್ವವಿದ್ಯಾಲಯದ ಫುಟ್‌ಬಾಲ್ ಅಭಿಮಾನಿಗಳು ಅಟ್ಲಾಂಟಾಕ್ಕೆ ಎರಡು ಡಾಲರ್ ನೋಟುಗಳನ್ನೇ ಒಯ್ದು ಖರ್ಚು ಮಾಡಿದರು. ತಮ್ಮಿಂದ ಆ ಊರಿಗೆ ಎಷ್ಟು ವ್ಯಾಪಾರ ಎಂದು ತೋರಿಸಬೇಕಿತ್ತು ಅವರಿಗೆ. ಹೆಚ್ಚು ಜನ ಮುಟ್ಟದ ನೋಟಾದ್ದರಿಂದಲೇ ಅದು ಎಲ್ಲರ ಕಣ್ಣಿಗೆ ಬಿತ್ತು.

ಕ್ಯಾಶಿಯರ್ ಅನುಮಾನದಿಂದ ನೋಡಿದರೆ ವಾದಕ್ಕಿಳಿಯಬೇಡಿ. ನೋಟಿನ ಮೇಲೆ 'ಎಲ್ಲ ಸಾಲಕ್ಕೂ ಕಾನೂನುಬದ್ಧ ಹಣ' ಎಂದಿರುವ ಮಾತು ಸಾಲ ತೀರಿಸುವುದಕ್ಕೆ ಸಂಬಂಧಿಸಿದ್ದು. ಖಾಸಗಿ ಅಂಗಡಿ ಎಲ್ಲ ನೋಟನ್ನೂ ತಗೊಳ್ಳಲೇಬೇಕು ಎಂಬ ಕಾನೂನು ಕೇಂದ್ರ ಮಟ್ಟದಲ್ಲಿ ಇಲ್ಲ. ನಗುಮುಖದಿಂದ ಬೇರೆ ನೋಟು ಕೊಡಿ.

ಕರ್ನಾಟಕದಲ್ಲಿ ಹತ್ತು ರೂಪಾಯಿ ನಾಣ್ಯಕ್ಕೆ ಆದದ್ದು ನೆನಪಿದೆಯಲ್ಲ? ರೂಪಾಯಿ ಚಿಹ್ನೆ ಇಲ್ಲದ್ದು ನಕಲಿ ಎಂದು ಯಾರೋ ಹಬ್ಬಿಸಿದರು, ಅಂಗಡಿಯವರು ಬೇಡವೆಂದರು, ಬೇಡವೆಂದದ್ದಕ್ಕೇ ಜನರ ಅನುಮಾನ ಗಟ್ಟಿಯಾಯಿತು. ಆವರೆಗೆ ಬಂದ 14 ವಿನ್ಯಾಸಗಳೂ ಅಸಲಿ ಎಂದು ರಿಸರ್ವ್ ಬ್ಯಾಂಕ್ 2018ರ ಜನವರಿಯಲ್ಲಿ ಪ್ರಕಟಣೆಯನ್ನೇ ಹೊರಡಿಸಬೇಕಾಯಿತು. ಅದಾದ ಮೇಲೂ ಎಷ್ಟೋ ಕಡೆ ಆ ನಾಣ್ಯ ತಗೊಳ್ಳಲಿಲ್ಲ. ಸರ್ಕಾರ ಹೇಳಿದರಷ್ಟೇ ಸಾಲದು, ಜನ ಕೊಟ್ಟು ತಗೊಂಡರೇ ದುಡ್ಡು ಓಡಾಡುವುದು.

ಇಲ್ಲಿನ ಮದುವೆ, ನಾಮಕರಣಗಳಲ್ಲಿ 51 ಡಾಲರ್ ಮುಯ್ಯಿ ಕೊಡುವಾಗ ಆ ಕೊನೆಯ ಒಂದಕ್ಕೆ ನಾನು ಡಾಲರ್ ನಾಣ್ಯವನ್ನೇ ಹಾಕುತ್ತೇನೆ. ಇಲ್ಲವೇ ಎರಡು ಹಾಫ್ ಡಾಲರ್. ಮಕ್ಕಳು ಕವರು ಬಿಚ್ಚಿ "ಇದೇನು?" ಎಂದು ಓಡಿ ಬರುತ್ತಾರೆ. ನೀವೂ ಈ ವಾರ ಒಂದು ಹಾಫ್ ಡಾಲರ್ ಎಲ್ಲಾದರೂ ಕೊಟ್ಟು ನೋಡಿ. ತಗೊಂಡವರು ಏನಂದರು ಅಂತ ಕೆಳಗೆ ಬರೆಯಿರಿ.