ಕುರಿ ಅಟ್ಟುವ ಮುಧೋಳ ನಾಯಿಗೆ ಶಾಕ್ ಕಾಲರ್: ಬೇಕಾ, ಬೇಡ್ವಾ?

ಪರ: ಸರಪಳಿಗಿಂತ ಒಂದು ಚುರುಕು ವಾಸಿ

ಮುಧೋಳ ನಾಯಿ ಮೂಗಿಗಿಂತ ಕಣ್ಣು ನಂಬಿ ಬೇಟೆ ಆಡುವ ತಳಿ. ದೂರದಲ್ಲಿ ಏನೋ ಓಡಿತು ಅಂದರೆ ಸಾಕು, ಮೈಯೆಲ್ಲ ಬಿಗಿಯಾಗುತ್ತದೆ, ಮರುಗಳಿಗೆ ನಾಯಿ ಅಲ್ಲಿರುವುದೇ ಇಲ್ಲ. ಆಮೇಲೆ ನೀವು ಹೆಸರು ಹಿಡಿದು ಕೂಗಿ, ಸೀಟಿ ಊದಿ, ಕೋಳಿ ತುಂಡು ತೋರಿಸಿ. ಅದಕ್ಕೆ ಕೇಳಿಸುವುದಿಲ್ಲ.

ಹೋದ ವರ್ಷ ನನ್ನ ನಾಯಿ ಪಕ್ಕದ ಹೊಲದಲ್ಲಿ ತಂಗಿದ್ದ ಹಿಂಡಿಗೆ ನುಗ್ಗಿತು. ಒಂದು ಮರಿ ಸತ್ತಿತು. ದುಡ್ಡು ಕೊಟ್ಟೆ. ಕುರಿಗಾರ ನೋಟು ಎಣಿಸಿ ಜೇಬಿಗಿಟ್ಟುಕೊಂಡು ಒಂದೇ ಮಾತು ಹೇಳಿದ: "ಇನ್ನೊಮ್ಮೆ ಬಂದ್ರ ನಾಯಿ ಉಳಿಯಂಗಿಲ್ಲ ನೋಡ್ರಿ." ಅವನ ತಪ್ಪೂ ಅಲ್ಲ, ಅವನ ಬದುಕು ಅದು. ಅಂದರೆ ನನ್ನ ಮುಂದಿದ್ದದ್ದು ಎರಡೇ ದಾರಿ. ಅದು ಯಾರದೋ ಕೈಲಿ ಸಾಯಬೇಕು, ಇಲ್ಲವೇ ಸಾಯುವತನಕ ಗೂಟಕ್ಕೆ ಬಿದ್ದಿರಬೇಕು. ಓಡುವುದಕ್ಕೆಂದೇ ಹುಟ್ಟಿದ ನಾಯಿಯನ್ನು ಗೂಟಕ್ಕೆ ಕಟ್ಟುವುದು ದಯೆ ಅಂತೀರಾ? ಅದಕ್ಕೇ ಮೂರನೇ ದಾರಿಯಾಗಿ ಶಾಕ್ ಕಾಲರ್ ಹಿಡಿದೆ: ಕೊರಳಿಗೆ ಕಟ್ಟುವ ಪಟ್ಟಿ, ದೂರದಿಂದ ಬಟನ್ ಒತ್ತಿದರೆ ನಾಯಿಗೆ ಕರೆಂಟಿನ ಚುರುಕು ಮುಟ್ಟಿಸುತ್ತದೆ.

ನ್ಯೂಜಿಲೆಂಡಿನವರು ಈ ಲೆಕ್ಕ ಯಾವಾಗಲೋ ಹಾಕಿದ್ದಾರೆ. 1987ರಲ್ಲಿ ಅಲ್ಲಿನ ವೈಟಾಂಗಿ ಕಾಡಿನಲ್ಲಿ ಒಂದೇ ಒಂದು ನಾಯಿ ಅಂದಾಜು 500 ಕಿವಿಗಳನ್ನು ಕೊಂದಿತು. (ನಮ್ಮ ಕಿವಿ ಅಲ್ಲ, ಹಾರಲಾರದ ಹಕ್ಕಿ.) ಆ ಹಕ್ಕಿಯ ಎದೆಗೂಡು ಎಷ್ಟು ಮೆತ್ತಗೆಂದರೆ ನಾಯಿ ಮೆಲ್ಲಗೆ ಕಚ್ಚಿ ಹಿಡಿದರೂ ಸಾಯುತ್ತದೆ. ಈಗ ಅಲ್ಲಿ ಹಂದಿ ಬೇಟೆಯ ನಾಯಿಗಳಿಗೆ ಕಿವಿಯ ವಾಸನೆ, ಬೊಂಬೆ ತೋರಿಸಿ, ಮೂಸಲು ಹೋದಾಗ ಕಾಲರಿನಿಂದ ಶಾಕ್ ಕೊಡುತ್ತಾರೆ. ಆಮೇಲೆ ಆಗಾಗ ಪರೀಕ್ಷೆ. ಹಕ್ಕಿಯೂ ಉಳಿಯಬೇಕು, ನಾಯಿಯ ಕೆಲಸವೂ ಉಳಿಯಬೇಕು ಅಂತ.

ನಾನು ಆ ಕಾಲರನ್ನು ಮೊದಲು ನನ್ನ ತೋಳಿಗೆ ಒತ್ತಿ ನೋಡಿಕೊಂಡೆ. ಇರುವೆ ಕಚ್ಚಿದಷ್ಟು. ಜಾಸ್ತಿ ಮಾಡಿದರೆ ಕೈ ಎಗರುತ್ತದೆ, ಸುಳ್ಳು ಹೇಳಲ್ಲ.

ವಿರೋಧ: ಬಟನ್ ಒತ್ತಿದ್ದು ಯಾವುದಕ್ಕೆ ಅಂತ ನಾಯಿಗೆ ಹೇಗೆ ಗೊತ್ತು?

ಶಾಕ್ ಕೆಲಸ ಮಾಡಲ್ಲ ಅಂತ ನಾನು ವಾದಿಸುವುದಿಲ್ಲ. ಅದು ಏನು ಕಲಿಸುತ್ತದೆ ಅನ್ನೋದೇ ನನ್ನ ತಕರಾರು.

ನೋವಾದ ಗಳಿಗೆಯಲ್ಲಿ ನಾಯಿಯ ಕಣ್ಣು ಎಲ್ಲಿತ್ತೋ ನೋವಿಗೂ ಅದಕ್ಕೂ ಗಂಟು ಬೀಳುತ್ತದೆ. ನೀವು ಒತ್ತಿದ್ದು ಕುರಿಗಾಗಿ. ಅದು ನೋಡುತ್ತಿದ್ದದ್ದು ಹಿಂಡಿನ ಹಿಂದೆ ಬರುತ್ತಿದ್ದ ಹುಡುಗನನ್ನು. ನಾಳೆ ಅವನನ್ನು ಕಂಡರೆ ಗುರ್ ಅನ್ನಬಹುದು. ಮುಧೋಳ ನಾಯಿ ಮೊದಲೇ ಸೂಕ್ಷ್ಮ, ಗುರುತಿಲ್ಲದವರು ಮೈ ಮುಟ್ಟಿದರೆ ಆಗದು. ಅಂಥದ್ದರ ಕೊರಳಿಗೆ ಎರಡು ಲೋಹದ ಮೊಳೆ ಒತ್ತಿ ಕಟ್ಟುತ್ತೀರಿ. ದಿನವಿಡೀ ಕಟ್ಟಿದ್ದ ಒಂದು ನಾಯಿಯ ಕೂದಲು ಸರಿಸಿ ನೋಡಿದ್ದೇನೆ. ಎರಡು ಕಡೆ ಚರ್ಮ ಕೆಂಪಗೆ, ಹಸಿ.

ನ್ಯೂಜಿಲೆಂಡಿನ ಮಾತು ಚೆನ್ನಾಗಿದೆ. ಆದರೆ ಅಲ್ಲಿ ಪಳಗಿದವರ ಕೈಯಲ್ಲಿ ಒಂದು ಹಕ್ಕಿಗೋಸ್ಕರ ಮಾಡುವ ಕೆಲಸ ಅದು. ಇಲ್ಲಿ ಆನ್‌ಲೈನಿನಲ್ಲಿ ತರಿಸಿ, ಪೊಟ್ಟಣ ಬಿಚ್ಚಿದ ಸಂಜೆಯೇ ಕೊರಳಿಗೆ. ವೇಲ್ಸ್‌ನಲ್ಲಿ 2010ರಲ್ಲೇ ಇಂಥ ಕಾಲರ್ ನಿಷೇಧಿಸಿದರು. ಇಂಗ್ಲೆಂಡಿನ ಲಿಂಕನ್ ವಿಶ್ವವಿದ್ಯಾಲಯದವರು 63 ನಾಯಿಗಳ ಮೇಲೆ ನಡೆಸಿ 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕರೆದರೆ ಬಾರದ, ಕುರಿ ಅಟ್ಟುವ ನಾಯಿಗಳೇ ಜಾಸ್ತಿ. ತಿನಿಸು ಕೊಟ್ಟು ಕಲಿಸಿದ್ದಕ್ಕಿಂತ ಕಾಲರಿನಿಂದ ಹೆಚ್ಚಿನ ಲಾಭವೇನೂ ಕಾಣಲಿಲ್ಲ.

ಹಾಗಾದರೆ ಏನು ಮಾಡೋದು? ಕುರಿಗಾರರ ನಾಯಿಗಳನ್ನೇ ನೋಡಿ. ಚಿಕ್ಕ ಮರಿ ಇದ್ದಾಗಿನಿಂದ ಹಿಂಡಿನ ನಡುವೆಯೇ ಬೆಳೆದಿರುತ್ತವೆ. ಮರಿ ಜಾಸ್ತಿ ಹಾರಾಡಿದರೆ ಟಗರು ಒಂದು ಸಲ ಹಾಯುತ್ತದೆ, ಪಾಠ ಮುಗಿಯಿತು. (ಅದೂ ನೋವೇ ಅಲ್ವಾ? ಹೌದು. ಆದರೆ ಕೊಟ್ಟವರು ಯಾರು ಅಂತ ಮರಿಗೆ ಗೊತ್ತು.) ಬೆಳೆದ ನಾಯಿಯಾದರೆ ಉದ್ದ ಹಗ್ಗವೇ ಗತಿ. ಓಟ ಶುರುವಾದ ಮೇಲೆ ಕೂಗಿ ಪ್ರಯೋಜನವಿಲ್ಲ. ಮೈ ಬಿಗಿಯಾಗುವ ಆ ಅರೆಗಳಿಗೆಯಲ್ಲೇ ಕರೆಯಬೇಕು, ತಿರುಗಿದರೆ ತಕ್ಷಣ ತಿನ್ನಲು ಕೊಡಬೇಕು. ತಿಂಗಳುಗಟ್ಟಲೆ ಬೇಕು, ಬೇಸರದ ಕೆಲಸ. ನನ್ನ ಅಂಗೈಯಲ್ಲಿ ಹಗ್ಗ ಉಜ್ಜಿದ ಗೆರೆ ಇನ್ನೂ ಇದೆ.

ಈಗ ನನ್ನ ಹೆಣ್ಣು ನಾಯಿಯ ಹಗ್ಗ ಮೂವತ್ತು ಅಡಿ. ಹಿಂಡು ಕಂಡಾಗ ಮೂರು ಸಲ ಕರೆದರೆ ಎರಡು ಸಲ ತಿರುಗಿ ಬರುತ್ತಾಳೆ. ಮೂರನೇ ಸಲಕ್ಕೆ ಹಗ್ಗ ಇದೆ.